ಗ್ಯಾರೇಜಿಗೆ ಬಂದ ಕೂಡ್ಲೆ ಸರಿಯಾಗೋ ಕಾರು

ಹೋದ ಭಾನುವಾರ ಮೂಡಿಗೆರೆಯಲ್ಲಿ ಹಳೇ ಕಾರು ಇಟ್ಕೊಂಡಿರೋ ಒಂದಷ್ಟು ಜನರ ಮುಂದೆ ಆಡಿದ ಮಾತು ಇದು. ಬರೋಕೆ ಆಗದೇ ಇದ್ದೋರು ಕೇಳಿದ್ರು ಅಂತ ನೆನಪಿದ್ದ ಹಾಗೆ ಟೈಪ್ ಮಾಡಿದ್ದೀನಿ, ಮಾತು ಅತ್ತಿತ್ತ ಹೋಗಿರೋ ಕಡೆ ಹಂಗೇ ಬಿಟ್ಟಿದ್ದೀನಿ.

ಎಲ್ರಿಗೂ ನಮಸ್ಕಾರ. ಮೂವತ್ತು ವರ್ಷದಿಂದ ಬಾನೆಟ್ ಒಳಗೆ ತಲೆ ಹಾಕ್ಕೊಂಡೇ ಮಾತಾಡಿ ಅಭ್ಯಾಸ ಆಗಿರೋನು ನಾನು, ಹೀಗೆ ಮೈಕ್ ಹಿಡ್ಕೊಂಡು ಜನರ ಮುಖ ನೋಡಿ ಮಾತಾಡೋದು ಸ್ವಲ್ಪ ಕಷ್ಟಾನೇ, ಆದ್ರೆ ಒಳಗೆ ಬರೋಕ್ ಮುಂಚೆ ಹೊರಗೆ ನಿಲ್ಸಿರೋ ಗಾಡಿಗಳನ್ನ ಒಂದು ಸುತ್ತು ನೋಡ್ಕೊಂಡು ಬಂದೆ, ಎರಡು ಮಾರುತಿ 800, ಒಂದು ಝೆನ್, ಒಂದು ಆಮ್ನಿ, ಬಾಕಿ ಎಲ್ಲ ಹತ್ತು ಹನ್ನೆರಡು ವರ್ಷ ದಾಟಿರೋವು, ನೋಡಿ ನೆಂಟರ ಮನೆಗೆ ಬಂದಷ್ಟು ಸಮಾಧಾನ ಆಯ್ತು.

ಇವತ್ತು ಒಂದು ಕಾರಿನ ಕಥೆ ಹೇಳ್ತೀನಿ, ಮಧ್ಯ ಮಧ್ಯ ಬೇರೆ ಗಾಡಿಗಳೂ ಬಂದು ಹೋಗ್ತವೆ. ನಮ್ಮ ಕಡೆ ಒಬ್ರು ರಿಟೈರ್ಡ್ ಮೇಷ್ಟ್ರಿದ್ದಾರೆ, ಅವರ ಹತ್ರ 1998ರ ಮಾರುತಿ 800, ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಇರೋ ಹಳೇ ಮಾಡೆಲ್. 2013ಕ್ಕೆ ಹದಿನೈದು ವರ್ಷ ಮುಗೀತು, ಆಮೇಲೆ ಐದು ವರ್ಷಕ್ಕೊಂದ್ಸಲ ಎಫ್‌ಸಿ ಮಾಡ್ಸಿ ಆರ್‌ಸಿ ರಿನ್ಯೂ ಮಾಡ್ಸ್ತಾ ಬಂದಿದ್ದಾರೆ. 2022ರ ಏಪ್ರಿಲ್‌ನಿಂದ ಆ ಫೀಸು 600 ರೂಪಾಯಿಂದ ಸೀದಾ 5000ಕ್ಕೆ ಹತ್ತಿತಲ್ಲ, ಅದನ್ನೂ ಬೈಕೊಂಡೇ ಕಟ್ಟಿದ್ರು. ಕೊಟ್ಬಿಡಿ ಸಾರ್ ಅಂತ ನಾನು ಒಂದ್ಸಲ ಅಂದಿದ್ದಕ್ಕೆ "ಎಂಥ ಕೊಡೋದು ಮಾರಾಯ, ಮಗಳು ಡ್ರೈವಿಂಗ್ ಕಲ್ತಿದ್ದೇ ಇದ್ರಲ್ಲಿ" ಅಂತ ಮಾತು ಮುಗ್ಸಿದ್ರು. 1983ರ ಡಿಸೆಂಬರ್‌ನಲ್ಲಿ ಮೊದಲ 800 ರೋಡಿಗೆ ಬಂತು, 2014ರ ಜನವರಿಗೆ ತಯಾರಿಕೆ ನಿಂತೋಯ್ತು, ನಮ್ಮ ಕಡೆ ಮಾತ್ರ ಇನ್ನೂ ನಿಂತಿಲ್ಲ.

ಈ ಕಾರಿನ ಕಾಯಿಲೆ ಏನಪ್ಪ ಅಂದ್ರೆ, ಊರೊಳಗೆ ವಾರಗಟ್ಟಲೆ ಓಡಿದ್ರೂ ಒಂದು ತಂಟೆ ಇಲ್ಲ. ಉಜಿರೆ ಕಡೆ ಹೋಗಿ ವಾಪಸ್ ಚಾರ್ಮಾಡಿ ಘಾಟಿ ಹತ್ತೋವಾಗ ಅರ್ಧ ದಾರಿಲಿ ಹಿಂದಕ್ಕೆ ಎಳೆಯೋಕೆ ಶುರು ಮಾಡ್ತಿತ್ತು, ಆಕ್ಸಿಲರೇಟರ್ ಒತ್ತಿದ್ರೆ ಜರ್ಕ್, ಆಮೇಲೆ ಭುಸ್ ಅಂತ ಆಫ್. ಕಾಲು ಗಂಟೆ ನಿಂತು ಸೆಲ್ಫ್ ಹೊಡೆದ್ರೆ ಏನೂ ಆಗಿಲ್ಲ ಅನ್ನೋ ಥರ ಸ್ಟಾರ್ಟು. ಮೇಷ್ಟ್ರು ಮೂರು ಗ್ಯಾರೇಜ್ ಸುತ್ತಿದ್ರು. ಮೊದಲ್ನೇ ಕಡೆ ಕಿಡಿ ಹೊಡೆಯೋ ಪ್ಲಗ್ಗು, ಪ್ಲಗ್ ವೈರು, ಅದಕ್ಕೆ ಕರೆಂಟ್ ಕೊಡೋ ಕಾಯಿಲ್ ಹೊಸದು. ಎರಡ್ನೇ ಕಡೆ ಪೆಟ್ರೋಲ್ ಪಂಪು. ಮೂರ್ನೇ ಕಡೆ ಕಾರ್ಬೊರೇಟರ್ ಇಳಿಸಿ ಕಿಟ್ ಹಾಕಿದ್ರು. ಯಾರೂ ಮೋಸ ಮಾಡಿದ್ದಲ್ಲ, ಎಲ್ಲಾ ಕಡೆ ಕಾರು ಹೋಗಿ ನಿಂತಾಗ ಹೊಲಿಗೆ ಮಿಷನ್ ಥರ ನಡೀತಿತ್ತು, ಡಾಕ್ಟ್ರ ಮನೆ ಬಾಗಿಲು ಕಂಡ ಕೂಡ್ಲೆ ಮಗುವಿನ ಜ್ವರ ಇಳಿಯುತ್ತಲ್ಲ ಹಂಗೆ, ಅವರೂ ಪಾಪ ಊಹೆ ಮೇಲೆ ಒಂದೊಂದು ಬದಲಾಯಿಸಿ ಕಳ್ಸಿದ್ರು. ದುಡ್ಡು ಮಾತ್ರ ಹನ್ನೊಂದು ಸಾವಿರ ಹೋಗಿತ್ತು.

ನನ್ನ ಹತ್ರ ಬಂದಾಗ ನಾನು ಬಾನೆಟ್ ತೆಗೀಲಿಲ್ಲ. ಒಂದು ಟೀ ತರ್ಸಿ ಕೂರ್ಸಿ ಕೇಳ್ದೆ, ಯಾವಾಗ ಸಾರ್ ಆಗೋದು? ಅವರು ಏನಾಗುತ್ತೆ ಅಂತ ಹೇಳೋಕೆ ಹೊರಟ್ರು, ನಾನು ಮತ್ತೆ ಯಾವಾಗ ಅಂದೆ. ಈ ಯಾವಾಗ ಅನ್ನೋದ್ರಲ್ಲಿ ಅರ್ಧ ರಿಪೇರಿ ಇದೆ, ನೀವು ಮೆಕ್ಯಾನಿಕ್ ಹತ್ರ ಹೋಗಿ "ಪಿಕಪ್ ಇಲ್ಲ ಕಣ್ರಿ" ಅಂದ್ರೆ ಅವನು ಏನು ಮಾಡ್ಬೇಕು? ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಗಾಡಿ ನಿಂತು ಎಂಜಿನ್ ಮಾತ್ರ ಓಡೋ ಐಡ್ಲಿಂಗ್‌ನಲ್ಲೋ ಏರಿನಲ್ಲೋ, ಮಳೆ ಬಂದ ದಿನಾನೋ, ಟ್ಯಾಂಕ್ ಫುಲ್ ಇದ್ದಾಗಲೋ ರಿಸರ್ವ್‌ಗೆ ಬಂದಾಗಲೋ, ಇದನ್ನ ಒಂದು ಚೀಟಿಲಿ ಬರ್ಕೊಂಡು ಹೋಗಿ. ಐಡ್ಲಿಂಗ್‌ನಲ್ಲಿ ಮಾತ್ರ ಆಡ್ತಿದೆ, ಓಡೋವಾಗ ಸರಿ ಇದೆ ಅಂದ್ರೆ ಎಲ್ಲೋ ಕಳ್ಳ ಗಾಳಿ ಎಳೀತಿದೆ ಅಥವಾ ಕಾರ್ಬೊರೇಟರ್‌ನ ಐಡಲ್ ಜೆಟ್ ಕಟ್ಕೊಂಡಿದೆ. ಐಡ್ಲಿಂಗ್ ಸರಿ, ಏರಿನಲ್ಲಿ ಸಾಯುತ್ತೆ ಅಂದ್ರೆ ಪೆಟ್ರೋಲ್ ಸಾಕಾಗ್ತಿಲ್ಲ ಅಥವಾ ಲೋಡ್ ಬಿದ್ದಾಗ ಸ್ಪಾರ್ಕ್ ಸೋಲ್ತಿದೆ.

ಬರೀ ಮಳೆಗಾಲದ ಬೆಳಿಗ್ಗೆ ತೊಂದ್ರೆ, ಹತ್ತು ಗಂಟೆಗೆ ಬಿಸಿಲು ಬಂದ್ರೆ ಸರಿ, ಇದು ನಮ್ಮ ಮಲೆನಾಡಿನ ಖಾಸಾ ಕಾಯಿಲೆ. ಹಳೇ ಪ್ಲಗ್ ವೈರ್ ಮೇಲೆ ಕಣ್ಣಿಗೆ ಕಾಣದ ಬಿರುಕು, ಒಂದೊಂದು ಪ್ಲಗ್ಗಿಗೂ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ, ಕರೆಂಟು ಪ್ಲಗ್‌ವರೆಗೆ ಹೋಗದೇ ಅಲ್ಲೇ ಎಂಜಿನ್ ಬಾಡಿ ಕಡೆ ಹಾರಿಬಿಡುತ್ತೆ. ಇದನ್ನ ಹಿಡಿಯೋಕೆ ರಾತ್ರಿ ಕತ್ತಲಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಇಸ್ತ್ರಿ ಮಾಡೋವಾಗ ನೀರು ಚಿಮುಕ್ಸೋ ಬಾಟ್ಲಿ ಇರುತ್ತಲ್ಲ, ಅದ್ರಿಂದ ವೈರ್‌ಗಳ ಮೇಲೆ ಮಂಜಿನ ಥರ ನೀರು ಬಿಡಿ. ಸೋರೋ ಜಾಗದಲ್ಲಿ ನೀಲಿ ಕಿಡಿ ಪಟಪಟ ಕುಣಿಯುತ್ತೆ. ಕೈ ಮಾತ್ರ ದೂರ ಇರ್ಲಿ, ಕಾಯಿಲ್‌ನಿಂದ ಬರೋದು ಹದಿನೈದು ಇಪ್ಪತ್ತು ಸಾವಿರ ವೋಲ್ಟ್, ನಾನು ಒಂದ್ಸಲ ಹೊಡೆಸ್ಕೊಂಡು ತಲೆ ಬಾನೆಟ್‌ಗೆ ಬಡ್ಸ್ಕೊಂಡಿದ್ದೀನಿ, ಶಾಕ್‌ಗಿಂತ ಬಾನೆಟ್ ಏಟೇ ಜಾಸ್ತಿ ಆಗಿತ್ತು.

ಎಂಜಿನ್‌ಗೆ ಬೇಕಾಗಿರೋದು ಗಾಳಿ, ಪೆಟ್ರೋಲು, ಕಿಡಿ, ಒತ್ತಡ, ಇವು ನಾಲ್ಕೂ ಸರಿಯಾದ ಹೊತ್ತಿಗೆ. ಇದು ಎಲ್ಲರಿಗೂ ಗೊತ್ತು, ಹಂಗಾಗಿ ಉದ್ದ ಮಾಡಲ್ಲ. ಆದ್ರೆ ಹಳೇ ಕಾರಲ್ಲಿ ಈ ನಾಲ್ಕೂ ಸ್ವಲ್ಪ ಸ್ವಲ್ಪ ಕೆಟ್ಟಿರುತ್ತೆ, ಅದೇ ತಲೆನೋವು. ಹೊಸ ಕಾರಲ್ಲಿ ಒಂದು ತಪ್ಪು ಸಿಕ್ರೆ ಮುಗೀತು. ಹಳೇದ್ರಲ್ಲಿ ಒಂದು ತಪ್ಪು ಸಿಗುತ್ತೆ, ಸರಿ ಮಾಡ್ತೀರಿ, ಕಾಯಿಲೆ ಹಂಗೇ ಇರುತ್ತೆ, ಯಾಕಂದ್ರೆ ನಿಮಗೆ ಸಿಕ್ಕಿದ್ದು ಬೇರೆ ತಪ್ಪು.

800ರಲ್ಲಿ ಮೂರೇ ಸಿಲಿಂಡರ್, 796 ಸಿಸಿ, ಒಂದು ಮಲಗಿದ್ರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯ್ತು, ಸ್ಟೀರಿಂಗ್ ಹಿಡಿದ ಕೈ ನಡುಗುತ್ತೆ. ಯಾವುದು ಮಲಗಿದೆ ಅಂತ ನೋಡೋಕೆ ರಬ್ಬರ್ ಹಿಡಿ ಇರೋ ಕಟಿಂಗ್ ಪ್ಲೇಯರ್‌ನಲ್ಲಿ ಒಂದೊಂದೇ ಪ್ಲಗ್ ವೈರ್ ಎಳೆದು ನೋಡ್ತೀವಿ, ಯಾವ ವೈರ್ ತೆಗೆದ್ರೆ ಎಂಜಿನ್‌ಗೆ ಏನೂ ವ್ಯತ್ಯಾಸ ಆಗಲ್ವೋ ಅದೇ ಕೆಲಸ ಮಾಡ್ತಿಲ್ಲ. ಕಾರ್ಬೊರೇಟರ್ ಬದ್ಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸೋ ಎಂಪಿಎಫ್‌ಐ ಗಾಡಿಲಿ ಹೀಗೆ ಮಾಡ್ಬೇಡಿ, ಕಾಯಿಲ್ ಸುಡುತ್ತೆ, ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ, ಅಲ್ಲಿ ಇಂಜೆಕ್ಟರ್ ಕನೆಕ್ಟರ್ ತೆಗೀಬೇಕು. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಹುರಿದ ರಾಗಿ ಹಿಟ್ಟಿನ ಬಣ್ಣ ಇದ್ರೆ ಆರೋಗ್ಯ. ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ, ಜಿಡ್ಡು ಮಸಿ ಅಂದ್ರೆ ಆಯಿಲ್ ಮೇಲಕ್ಕೆ ಬರ್ತಿದೆ, ಸುಣ್ಣದ ಥರ ಬಿಳಿ ಅಂದ್ರೆ ಪೆಟ್ರೋಲ್ ಸಾಲದೇ ಜಾಸ್ತಿ ಕಾಯ್ತಿದೆ.

ಹೊಗೆ ನೋಡಿ ಹೆದರ್ಕೊಂಡು ಬರೋರು ಜಾಸ್ತಿ. ಡಿಸೆಂಬರ್ ಬೆಳಿಗ್ಗೆ ಮೂಡಿಗೆರೆಲಿ ಯಾರ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರಲ್ಲ ಹೇಳಿ, ನಮ್ಮ ಬಾಯಲ್ಲೇ ಬರುತ್ತೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ದೇ, ರೇಡಿಯೇಟರ್ ನೀರೂ ಇಳೀತಿದ್ರೆ ಆಗ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯ ಸೀಲ್ ಥರ ಕೂತಿರೋ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನೀಲಿ ಹೊಗೆಲೂ ಎರಡು ಥರ ಇದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಬಂದು ನಿಂತೋದ್ರೆ ವಾಲ್ವ್ ಸೀಲ್, ರಾತ್ರಿಯೆಲ್ಲ ಆಯಿಲ್ ಹನಿ ಹನಿ ಇಳಿದಿರುತ್ತೆ. ಓಡೋವಾಗ ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಬಂದ್ರೆ ಪಿಸ್ಟನ್ ರಿಂಗು. ಇವೆರಡಕ್ಕೂ ಖರ್ಚಿನಲ್ಲಿ ಭೂಮಿ ಆಕಾಶ ವ್ಯತ್ಯಾಸ, ಆದ್ರೂ ಹೊಗೆ ನೋಡಿದ ತಕ್ಷಣ "ಬೋರ್ ಮಾಡ್ಸ್ಬೇಕು", ಅಂದ್ರೆ ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸ್ಬೇಕು ಅನ್ನೋರಿದ್ದಾರೆ. ಯಾರಾದ್ರೂ ಹಾಗಂದ್ರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿ ತೋರ್ಸು ಅನ್ನಿ. ಮೂರೂ ಸಿಲಿಂಡರ್ ನಂಬರ್ ಹತ್ರ ಹತ್ರ ಇರ್ಬೇಕು, ಅದು ಮುಖ್ಯ. ಒಂದು ಕಮ್ಮಿ ಬಂದ್ರೆ ಆ ಪ್ಲಗ್ ತೂತಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ನಂಬರ್ ಏರಿದ್ರೆ ರಿಂಗ್ ಸವೆದಿದೆ, ಆಯಿಲ್ ತಾತ್ಕಾಲಿಕವಾಗಿ ಸಂದು ಮುಚ್ಚಿದೆ ಅಂತ ಅರ್ಥ. ಏರದೇ ಹಂಗೇ ಇದ್ರೆ ಸೋರ್ತಿರೋದು ವಾಲ್ವ್ ಕಡೆ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ರೆ ಅವೆರಡರ ಮಧ್ಯ ಗ್ಯಾಸ್ಕೆಟ್ ಹೋಗಿದೆ ಅಂತಾನೇ ಮೊದಲು ನೋಡ್ತೀನಿ. ಒಂದು ಚಮಚ ಆಯಿಲ್‌ಗೆ ಇಷ್ಟು ಹೇಳೋ ಶಕ್ತಿ ಇದೆ, ಯಾರೂ ಬಳಸಲ್ಲ.

ಯೂಟ್ಯೂಬ್ ನೋಡಿ ಕಲಿಯೋ ಹುಡುಗ್ರ ಬಗ್ಗೆ ನಂಗೆ ಗೌರವ ಇದೆ, ಆದ್ರೆ ಒಂದು ತಮಾಷೆ ಹೇಳ್ತೀನಿ. ನಮ್ಮೂರ ಹುಡುಗ ಒಬ್ಬ ಬೆಂಗಳೂರಲ್ಲಿ ಕೆಲಸ ಮಾಡೋನು, ಎಂಜಿನ್ ಗಾಳಿ ಎಳೆಯೋವಾಗ ಆಗೋ ನಿರ್ವಾತ ಅಳೆಯೋ ವ್ಯಾಕ್ಯೂಮ್ ಗೇಜ್ ತಗೊಂಡು ತನ್ನ ಗಾಡಿಗೆ ಹಾಕಿದ್ದಾನೆ, ಮುಳ್ಳು 16ಕ್ಕೆ ನಿಂತಿದೆ. ವಿಡಿಯೋದಲ್ಲಿ 17ರಿಂದ 21 ಇಂಚು ಇರ್ಬೇಕು ಅಂದಿದ್ದಾರೆ, ಇವನು ರಾತ್ರಿ ಹನ್ನೊಂದಕ್ಕೆ ಫೋನು, "ಅಣ್ಣ, ಎಂಜಿನ್ ಹೋಯ್ತು". ಹೋಗಿಲ್ಲ ಕಣೋ, ಆ ನಂಬರು ಸಮುದ್ರ ಮಟ್ಟದ್ದು, ಸಾವಿರ ಅಡಿ ಮೇಲೆ ಹೋದ್ರೆ ಒಂದಿಂಚು ಕಳೀಬೇಕು, ಬೆಂಗಳೂರು ಮೂರು ಸಾವಿರ ಅಡಿ ಮೇಲಿದೆ, ನಿಂದು ಮಂಗಳೂರಲ್ಲಿದ್ದಿದ್ರೆ 19 ತೋರ್ಸ್ತಿತ್ತು ಅಂದೆ. ನಮ್ಮ ಮೂಡಿಗೆರೆನೂ ಹೆಚ್ಚೂ ಕಮ್ಮಿ ಅಷ್ಟೇ ಎತ್ತರ. ನಂಬರ್‌ಗಿಂತ ಮುಳ್ಳು ಅಲ್ಲಾಡದೇ ನಿಂತಿದ್ಯಾ ನೋಡು, ತಾಳ ಹಾಕಿದ ಹಾಗೆ ಒಂದೇ ಲಯದಲ್ಲಿ ಕೆಳಗೆ ಹೊಡೀತಿದ್ರೆ ವಾಲ್ವ್ ಸುಟ್ಟಿರ್ಬೋದು, ಆಗ ಫೋನ್ ಮಾಡು ಅಂದೆ.

ಇಲ್ಲಿ ಒಬ್ಬ ಮೇಡಮ್ ಎದ್ದು ಕೇಳಿದ್ರು, ಅವರದ್ದು 2014ರ ಕಾರು, ಚೆಕ್ ಎಂಜಿನ್ ಲೈಟ್ ಬರುತ್ತೆ, ಸ್ಕ್ಯಾನರ್ ಹಾಕಿದ್ರೆ ಪಿ0171 ಅಂತ ಬಂತಂತೆ, ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ರಂತೆ, ಎರಡು ವಾರಕ್ಕೆ ಲೈಟ್ ವಾಪಸ್. ನೋಡಿ, ಆ ಕೋಡ್ ಹೇಳ್ತಿರೋದು ಇಷ್ಟೇ, ಮಿಶ್ರಣದಲ್ಲಿ ಗಾಳಿ ಜಾಸ್ತಿ ಆಗಿದೆ ಪೆಟ್ರೋಲ್ ಕಮ್ಮಿ ಆಗಿದೆ. ಈ ಸುದ್ದಿ ತಂದ್ಕೊಟ್ಟಿದ್ದೇ ಆ ಸೆನ್ಸರ್ರು, ಪೋಸ್ಟ್‌ಮ್ಯಾನ್ ಕೆಟ್ಟ ಕಾಗದ ತಂದ ಅಂತ ಪೋಸ್ಟ್‌ಮ್ಯಾನನ್ನೇ ಬದಲಾಯಿಸಿದ ಹಾಗಾಯ್ತು. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗೋ ರಬ್ಬರ್ ಪೈಪನ್ನ ಕೈಯಲ್ಲಿ ಬಗ್ಗಿಸಿ ಮಡಿಕೆ ಒಳಗೆ ನೋಡಿ, ಹತ್ತು ವರ್ಷದ ರಬ್ಬರು ಮೇಲಿಂದ ಚೆನ್ನಾಗೇ ಕಾಣುತ್ತೆ, ಮಡಿಕೆಲಿ ಸೀಳಿರುತ್ತೆ. ಸಣ್ಣ ವ್ಯಾಕ್ಯೂಮ್ ಪೈಪುಗಳ ತುದಿ ನೋಡಿ. ಅದೂ ಸರಿ ಇದ್ರೆ ಪೆಟ್ರೋಲ್ ಪ್ರೆಷರ್ ಅಳೆಯಕ್ಕೆ ಹೇಳಿ.

ಪೆಟ್ರೋಲ್ ಅಂದಾಗ ನೆನಪಾಯ್ತು, ಇ20, ಅಂದ್ರೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಕೇಳದೇ ನೀವು ನನ್ನನ್ನ ಬಿಡಲ್ಲ ಅಂತ ಗೊತ್ತು. 2023ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲೇ ಅದಕ್ಕೆ ಚಾಲನೆ ಕೊಟ್ರು, ಈಗ ಹಾಕ್ಸೋಕೆ ಹೋದ್ರೆ ಹೆಚ್ಚಿನ ಕಡೆ ಅದೇ ಸಿಗೋದು. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಮ್ಮಿ, ಹಂಗಾಗಿ ಮೈಲೇಜ್ ಸ್ವಲ್ಪ ಬೀಳೋದು ಸಹಜ, ಅದಕ್ಕೆ ಎಂಜಿನ್ ಬಿಚ್ಚಿಸ್ಬೇಡಿ. ಹಳೇ ಗಾಡಿಗೆ ಅದ್ರಿಂದ ಬರೋ ತೊಂದ್ರೆ ಬೇರೆ ಕಡೆ ಇದೆ. ಎಥನಾಲ್ ಗಾಳಿಲಿರೋ ನೀರಿನ ಪಸೆ ಎಳ್ಕೊಳ್ಳುತ್ತೆ, ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇವನ್ನ ಊದ್ಸಿ ಮೆತ್ತಗೆ ಮಾಡುತ್ತೆ, ಟ್ಯಾಂಕ್ ಗೋಡೆಗೆ ಇಪ್ಪತ್ತು ವರ್ಷದಿಂದ ಅಂಟಿದ್ದ ಗಸಿನ ತೊಳೆದು ತಂದು ಫಿಲ್ಟರ್‌ಗೆ ತುಂಬುತ್ತೆ. ಮೊದಲು ಎರಡು ಸಲ ಫಿಲ್ಟರ್ ಬೇಗ ಬೇಗ ಬದಲಾಯಿಸಿ, ಪೈಪುಗಳನ್ನ ಹೊಸ ಇಂಧನಕ್ಕೆ ತಾಳೋ ಥರದ್ದೇ ಹಾಕ್ಸಿ. ಮೂರು ತಿಂಗಳು ಗಾಡಿ ನಿಲ್ಸಿ ಹೋಗೋರು ಅದಕ್ಕೆ ಮುಂಚೆ ನಂಗೆ ಹೇಳಿ ಹೋಗಿ.

ಸರಿ, ಮೇಷ್ಟ್ರ ಕಾರಿಗೆ ವಾಪಸ್ ಬರೋಣ.

ಕೆಟ್ಟ ಜಾಗದಲ್ಲಿ, ಕೆಟ್ಟ ಹೊತ್ತಲ್ಲಿ ನೋಡದೇ ಇದು ಸಿಗಲ್ಲ ಅಂತ ನಂಗೆ ಗೊತ್ತಾಗಿತ್ತು. ಒಂದು ಶುಕ್ರವಾರ ಗ್ಯಾರೇಜ್ ಹುಡುಗನ ಕೈಗೆ ಕೊಟ್ಟು ನಾನೂ ಮೇಷ್ಟ್ರೂ ಹೊರಟ್ವಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದು, ಉಜಿರೆ ಮುಟ್ಟಿ ತಿರುಗಿಸ್ಕೊಂಡು ಮತ್ತೆ ಹತ್ತೋಕೆ ಶುರು. ನನ್ನ ಚೀಲದಲ್ಲಿ ಇದ್ದಿದ್ದು ಒಂದು ಹಳೇ ಪ್ಲಗ್ಗು, ಒಂದು ಟಾರ್ಚು, ಮಲ್ಟಿಮೀಟರ್ರು, ಅಷ್ಟೇ. ಮೇಷ್ಟ್ರಿಗೆ ಕೆಡುತ್ತೋ ಇಲ್ವೋ ಅನ್ನೋ ಚಿಂತೆ, ನಂಗೆ ಕೆಡದೇ ಇದ್ರೆ ಏನು ಮಾಡೋದು ಅನ್ನೋ ಚಿಂತೆ. ಏಳೆಂಟು ತಿರುವು ಆಯ್ತು, ಶುರುವಾಯ್ತು ನೋಡಿ ಜರ್ಕು. ಅಗಲ ಇರೋ ಜಾಗಕ್ಕೆ ತಂದು ನಿಲ್ಸಿದ್ರು, ಆಫ್ ಆಯ್ತು. ನಾನು "ಬಂತು ಸಾರ್" ಅಂತ ಖುಷಿಯಿಂದ ಕೂಗಿದ್ದಕ್ಕೆ ಮೇಷ್ಟ್ರು ನನ್ನ ಮುಖ ಒಂಥರಾ ನೋಡಿದ್ರು.

ಮೊದ್ಲು ಕಿಡಿ. ಒಂದು ಪ್ಲಗ್ ವೈರ್ ತೆಗೆದು ನನ್ನ ಹಳೇ ಪ್ಲಗ್ ಸಿಕ್ಕಿಸಿ, ಎಂಜಿನ್ ಕಬ್ಬಿಣಕ್ಕೆ ತಾಗ್ಸಿ ಇಟ್ಟು, ಸೆಲ್ಫ್ ಹೊಡೀರಿ ಅಂದೆ. ಚಟ್ ಚಟ್ ಅಂತ ನೀಲಿ ಕಿಡಿ, ಏನೂ ಮೋಸ ಇಲ್ಲ. ಅಂದ್ರೆ ಮೊದಲ್ನೇ ಗ್ಯಾರೇಜಿನ ಬಿಲ್ ಪೂರ್ತಿ ವೇಸ್ಟು. ಆಮೇಲೆ ಪೆಟ್ರೋಲು. ಬಿಸಿ ಎಂಜಿನ್ ಮೇಲೆ ಪೈಪ್ ಬಿಚ್ಚಿ ಪೆಟ್ರೋಲ್ ಸುರಿಸಿ ನೋಡೋದು ಹುಚ್ಚುತನ, ದಯವಿಟ್ಟು ಯಾರೂ ಮಾಡ್ಬೇಡಿ, ಬೇಕಾಗೂ ಇಲ್ಲ, ಆ ಕಾರ್ಬೊರೇಟರ್‌ನಲ್ಲಿ ಒಳಗಿನ ಪೆಟ್ರೋಲ್ ಮಟ್ಟ ನೋಡೋಕೆ ಅಂತಾನೇ ಒಂದು ಪುಟ್ಟ ಗಾಜಿನ ಕಿಟಕಿ ಇದೆ. ಟಾರ್ಚ್ ಬಿಟ್ಟೆ, ಗಾಜಿನಲ್ಲಿ ಪೆಟ್ರೋಲ್ ಗೆರೆನೇ ಇಲ್ಲ. ಒಣಗಿದ ಕೆರೆ. ಪಂಪ್ ಹೊಸದು, ಫಿಲ್ಟರ್ ಹೊಸದು, ಟ್ಯಾಂಕಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಇದೆ, ಮತ್ಯಾಕೆ ಬರ್ತಿಲ್ಲ?

ಹಿಂದಕ್ಕೆ ಹೋಗಿ ಪೆಟ್ರೋಲ್ ಕ್ಯಾಪ್ ತಿರುಗಿಸ್ದೆ. ಉಸ್ಸ್ಸ್ ಅಂತ ಗಾಳಿ ಒಳಗೆ ಎಳ್ಕೊಳ್ತು, ಮೇಷ್ಟ್ರಿಗೆ ಮುಂದಿನ ಸೀಟ್‌ವರೆಗೂ ಕೇಳಿಸ್ತು. ಈಗ ಸೆಲ್ಫ್ ಹೊಡೀರಿ ಸಾರ್. ನಾಲ್ಕು ಸೆಕೆಂಡಿಗೆ ಗಾಜಿನ ಕಿಟಕಿಲಿ ಪೆಟ್ರೋಲ್ ಏರ್ತು, ಸ್ಟಾರ್ಟ್.

ಆಗಿದ್ದೇನು ಅಂದ್ರೆ, ಟ್ಯಾಂಕಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕು. ಎಳನೀರಿಗೆ ಸ್ಟ್ರಾ ಹಾಕಿ ತೂತನ್ನ ಬೆರಳಿಂದ ಬಿಗಿಯಾಗಿ ಮುಚ್ಚಿ ಎಳೆದ್ರೆ ಎಷ್ಟು ಹೊತ್ತು ಬರುತ್ತೆ ಹೇಳಿ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡ್ಸಿ ನಿಲ್ಸ್ತಿದ್ರು, ಖರ್ಚಾಗೋ ಪೆಟ್ರೋಲ್ ಕಮ್ಮಿ, ನಿಂತಾಗ ಎಲ್ಲಿಂದಲೋ ನಿಧಾನಕ್ಕೆ ಗಾಳಿ ನುಸುಳಿ ಸರಿ ಹೋಗ್ತಿತ್ತು. ಘಾಟಿಲಿ ಸೆಕೆಂಡ್ ಗೇರಲ್ಲಿ ಒಂದೇ ಸಮ ಕುಡೀತಾ ಇರುತ್ತೆ, ಟ್ಯಾಂಕ್ ಒಳಗೆ ನಿರ್ವಾತ ಬೆಳೆದು ಬೆಳೆದು ಪಂಪ್ ಸೋತು ಬಿಡ್ತಿತ್ತು. ಕಾಲು ಗಂಟೆ ಕಾದ್ರೆ ಸ್ಟಾರ್ಟ್ ಆಗೋದೂ ಅದಕ್ಕೇ, ಎಂಜಿನ್ ತಣ್ಣಗಾಗಿದ್ದಕ್ಕಲ್ಲ. ಮೂರೂ ಗ್ಯಾರೇಜ್‌ನೋರು ಬಿಸಿ ಅಂತಾನೇ ತಿಳ್ಕೊಂಡಿದ್ರು, ನಿಜ ಹೇಳ್ಬೇಕಂದ್ರೆ ಅವತ್ತು ಬೆಳಿಗ್ಗೆವರೆಗೆ ನಾನೂ ಹಂಗೇ ತಿಳ್ಕೊಂಡಿದ್ದೆ.

ಗ್ಯಾರೇಜಿಗೆ ಬಂದು ಟ್ಯಾಂಕಿಗೆ ಗಾಳಿ ಬಿಡೋ ಬ್ರೀದರ್ ಪೈಪ್ ಬಿಚ್ಚಿದ್ರೆ ಒಳಗೆ ಮಣ್ಣು. ಕುಂಬಾರ ಹುಳ ಗೂಡು ಕಟ್ಟಿತ್ತು. ಆಮೇಲೆ ಕೇಳಿದ್ರೆ ಮೇಷ್ಟ್ರು ಹೇಳ್ತಾರೆ, ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಮೈಸೂರಿಗೆ ಹೋಗಿ ಎರಡೂವರೆ ತಿಂಗಳು ಕಾರು ಕೊಟ್ಟಿಗೆ ಪಕ್ಕ ನಿಂತಿತ್ತಂತೆ. ಕಾಯಿಲೆ ಶುರುವಾಗಿದ್ದೇ ವಾಪಸ್ ಬಂದ್ಮೇಲೆ. "ಇದನ್ನ ಮೊದ್ಲೇ ಹೇಳೋದಲ್ವಾ ಸಾರ್" ಅಂದ್ರೆ "ನೀನು ಕೇಳ್ಲಿಲ್ಲವಲ್ಲ ಮಾರಾಯ". ನಿಜ, ಯಾವಾಗ ಆಗೋದು ಅಂತ ಕೇಳ್ದೆ, ಯಾವಾಗಿಂದ ಅಂತ ಕೇಳ್ಲಿಲ್ಲ. ಇನ್ನೂ ಒಂದಿದೆ. ಅವರ ಕಾರಿನ ಕ್ಯಾಪ್ ಕೀ ಕಳ್ದೋಗಿ ಏಳೆಂಟು ವರ್ಷದ ಹಿಂದೆ ಯಾವುದೋ ಬೇರೆ ಕ್ಯಾಪ್ ಹಾಕ್ಸಿದ್ರು, ಅದ್ರಲ್ಲಿ ಗಾಳಿ ಒಳಗೆ ಬಿಡೋ ವಾಲ್ವೇ ಇರ್ಲಿಲ್ಲ. ಬ್ರೀದರ್ ಪೈಪ್ ಸರಿ ಇದ್ದಷ್ಟು ದಿನ ಆ ತಪ್ಪು ತೆಪ್ಪಗೆ ಮಲಗಿತ್ತು, ಹುಳ ಬಂದು ಎಬ್ಬಿಸ್ತು.

ಹುಳದಿಂದ ಕಾರು ನಿಲ್ಲುತ್ತಾ ಅಂತ ನಗ್ಬೇಡಿ. 2011ರಲ್ಲಿ ಅಮೆರಿಕದ ಕಡೆ ಮಾಜ್ದಾ ಕಂಪನಿ ಸುಮಾರು 65,000 ಮಾಜ್ದಾ 6 ಕಾರುಗಳನ್ನ ವಾಪಸ್ ಕರೆಸ್ತು, ಕಾರಣ ಒಂದು ಜಾತಿ ಹಳದಿ ಜೇಡ, ಇಂಥದ್ದೇ ಗಾಳಿ ಪೈಪಿನೊಳಗೆ ಬಲೆ ಕಟ್ತಿತ್ತು, ನಿರ್ವಾತಕ್ಕೆ ಟ್ಯಾಂಕ್ ಬಿರುಕು ಬಿಡೋ ಅಪಾಯ ಇತ್ತು. 2014ರಲ್ಲಿ ಮತ್ತೊಂದ್ಸಲ ಕರೆಸಿದ್ರು. ಜೇಡಕ್ಕೆ ಪೆಟ್ರೋಲ್ ವಾಸನೆ ಇಷ್ಟವಂತೆ, ನಮ್ಮ ಗ್ಯಾರೇಜ್ ಹುಡುಗನ ಥರ.

ಮಾತು ಮುಗ್ಸಿ ಕಾಫಿ ಕುಡೀತಾ ಹೊರಗೆ ಬಂದ್ರೆ ಒಬ್ರು ಕೈ ಹಿಡ್ಕೊಂಡು ತಮ್ಮ 2011ರ ಕಾರಿನ ಹತ್ರ ಎಳ್ಕೊಂಡು ಹೋದ್ರು. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಮಾಡಿದ್ರೆ ಎರಡು ನಿಮಿಷ ಮಿಸ್ ಹೊಡೆಯುತ್ತಂತೆ, ಆಮೇಲೆ ದಿನವೆಲ್ಲ ಸರಿ. ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ ತೋರ್ಸಿದ್ರು, ಇಪ್ಪತ್ತು ಕಿಲೋಮೀಟರ್ ಓಡಿ ಬಂದ ಬಿಸಿ ಎಂಜಿನ್ನು, ಎಲ್ಲ ಚೆನ್ನಾಗೇ ಇದೆ. ಇವತ್ತು ರಾತ್ರಿ ಕೂಲೆಂಟ್ ಡಬ್ಬಿ ಮೇಲೆ ನೀರಿನ ಮಟ್ಟಕ್ಕೆ ಪೆನ್ನಲ್ಲಿ ಒಂದು ಗೆರೆ ಎಳೀರಿ, ಬೆಳಿಗ್ಗೆ ಸ್ಟಾರ್ಟ್ ಮಾಡ್ಬೇಡಿ, ಏಳು ಗಂಟೆಗೆ ನಾನೇ ನಿಮ್ಮನೆಗೆ ಬರ್ತೀನಿ, ರಾತ್ರಿ ಸಿಲಿಂಡರ್ ಒಳಗೆ ನೀರು ಇಳೀತಿದ್ಯಾ ಅಂತ ಮೊದ್ಲು ಪ್ಲಗ್ ಬಿಚ್ಚಿ ನೋಡಿ ಆಮೇಲೆ ಕೀ ಹಾಕೋಣ ಅಂದೆ. ಏಳಕ್ಕೆ ಮಗಳನ್ನ ಬಸ್‌ಸ್ಟ್ಯಾಂಡಿಗೆ ಬಿಡ್ಬೇಕಲ್ಲ ಅಂದ್ರು.

ಹಂಗಿದ್ರೆ ಆರಕ್ಕೆ ಬರ್ತೀನಿ ಅಂದಿದ್ದೀನಿ.